ಗ್ವಾದಲಿ

ಹುಬ್ಬಳ್ಳಿ ಗುಜರಿ ಸಾಲಿನ್ಯಾಗ ಹಳೇ ನೀರಿನ ಟಾಕಿ ಒಂದು
ತೂಕಕ್ಕ ತಂದಾಂವ ನಮ್ಮಪ್ಪ.
ರೇಲ್ವೆ ವರ್ಕ್‌ಶಾಪಿನ ಫಿಟ್ಟರು.
ಎರಡನೇ ಪಾಳಿ ಮುಗಿಸಿ ಬಂದು, ಓಣಿ ಮಲಗಿದ ಮ್ಯಾಲೆ,
ಕೆಳಗ ಗೋಣಿ ಹಾಸಿ ಸದ್ದಾಗದಂಗ ಬಡೀತಿದ್ದ.
ಸದ್ದು ಆಗೇ ಆಗ್ತಿತ್ತು.
ಬಾಜೂ ಮನಿ ಕಿಲ್ಲೇದಾರ ಮಾಸ್ತರು ಮೂರು ರಾತ್ರಿ ಕೆಮ್ಮಿದರು,
ನಾಕನೇ ರಾತ್ರಿ ತಾವೇ ಬ್ಯಾಟರಿ ಹಿಡಕೊಂಡು ನಿಂತರು.

ಉದ್ದ ಮೂತಿ, ಸಣ್ಣ ನಡ, ಎರಡೂ ಕಡೆ ಚೂಪು.
ಯಾವ ಚಿತ್ರದಾಗ ನೋಡಿದ್ನೋ, ಕೇಳಿದರ ಹೇಳಲಿಲ್ಲ.
ಹಾವನೂರ ದಂಡಿಗೆ ಟೆಂಪೋದಿಂದ ಇಳಿಸಿದಾಗ
ಅಂಬಿಗರ ದುರಗಪ್ಪ ತನ್ನ ಹರಗೋಲು ಬಿಟ್ಟು ಬಂದು,
ಸುತ್ತ ತಿರುಗಿ, ಬೆರಳಿಲೆ ತಟ್ಟಿ, ಅಂದ:
"ಚಲೋ ಐತ್ರಿ ಗ್ವಾದಲಿ. ಎಷ್ಟು ಎತ್ತು ಮೇಯ್ತಾವ?"

ಪರೀಕ್ಷಾ ಮುಗಿದ ಮರುದಿನಾನೇ ಹೊಂಡಬೇಕು, ವರ್ಷಾ ವರ್ಷಾ.
ಯುಗಾದಿಗೆ ಇನ್ನೂ ಎಂಟು ದಿನ, ಹುಬ್ಬಳ್ಳಿ ಕಾದ ಹಂಚು;
ನಾವು ಹೊಳಿಗೆ ಕಾಲಿಟ್ಟೀವೋ ಇಲ್ಲೋ
ಎಲ್ಲಿರ್ತಿತ್ತೋ ಆ ಅಡ್ಡಮಳಿ, ಓಡಿ ಬರ್ತಿತ್ತು,
ಬೀಗರೂಟದ ಸುದ್ದಿ ಕೇಳಿದ ಹಂಗ.

ನೀರು ಮೊಣಕಾಲಮಟ. ಕೂತು ಹೋದದ್ದು ಕಡಿಮಿ,
ಎಳಕೊಂಡು ನಡೆದದ್ದೇ ಹೆಚ್ಚು.
ಬಂಡೆಗಲ್ಲಿಗೆ ತಳ ಕಿರ್ರ್ ಅಂದಾಗೆಲ್ಲ
ಅಪ್ಪನ ಹಲ್ಲೂ ಕಿರ್ರ್ ಅಂತಿದ್ದವು.
ತಮ್ಮ ಮೌನೇಶ ಎಣಿಸ್ತಿದ್ದ: ನೀರುನಾಯಿ ಮೂರು,
ತೇಲಿಹೋದ ಚಪ್ಪಲಿ ಒಂದು. ಅದು ನಂದು.
ಅವ್ವ ಬುತ್ತಿಗಂಟು ತೊಡಿಮ್ಯಾಲೆ ಇಟ್ಟಕೊಂಡು
ಯಾರದೋ ಮಣ್ಣಿಗೆ ಹೊಂಟಾಕಿ ಹಂಗ ನೆಟ್ಟಗ ಕೂತಿರ್ತಿದ್ಲು.

ಡೇರೆ ಅಂದರ ಫ್ಲೆಕ್ಸು. ಯಾವನೋ ಪುಣ್ಯಾತ್ಮನ ಹುಟ್ಟುಹಬ್ಬದ್ದು.
ಚಿತ್ರ ಒಳಮುಖ ಮಾಡಿ ಕಟ್ಟಿದರ ಸೋರೂದಿಲ್ಲ ಅಂದಿದ್ದ ಅಪ್ಪ.
ಸೋರಿತು.
ಕಂದೀಲ ಬೆಳಕಿನ್ಯಾಗ ರಾತ್ರಿ ಪೂರಾ
ಕರೇ ಕನ್ನಡಕದ ಆ ಮನಿಷ್ಯಾ ನಮ್ಮನ್ನ ನೋಡಿ ನಗ್ತಿದ್ದ,
ಅವನ ಮೂಗಿನ ತುದಿಯಿಂದ ನನ್ನ ಕೌದಿಗೆ ಹನಿ.

ಮೂರನೇ ವರ್ಷ, ಗಳಗನಾಥದ ಈಚೆ, ಹೊತ್ತು ಮುಳುಗೂ ಮುಂದ
ಗಾಳಿ ಬಂದು ಆ ನಗೀನ ಕಿತ್ತುಕೊಂಡು ಹೋಗಿ
ಆಚೆ ದಂಡಿ ಜಾಲಿಗೆ ತೂಗಹಾಕಿತು.
ಹಿಂದ ಆಣಿಕಲ್ಲು.
ಲಿಂಬಿಕಾಯಷ್ಟು ಅಂತಾನ ಮೌನೇಶ; ಬಟಾಣಿಯಷ್ಟು ಇದ್ದವು.
ಅಪ್ಪ ಕೈ ಜೋತುಬಿಟ್ಟು ನಿಂತಾ,
ನಟ್ಟು ಕಳಕೊಂಡ ಬೋಲ್ಟಿನ ಹಂಗ.
ಅವ್ವ ಅಂದ್ಲು: "ಬೋರಲ ಹಾಕ್ರಿ ಅದನ್ನ."

ಎರಡು ಕಲ್ಲಿನ ಮ್ಯಾಲೆ ಬೋರಲ ಬಿದ್ದ ಗ್ವಾದಲಿ,
ಕೆಳಗ ನಾಕು ಮಂದಿ, ಎಂಟು ಮೊಣಕಾಲು,
ಮ್ಯಾಲೆ ಆಕಾಶಕ್ಕ ಆಕಾಶಾನೇ ಫಿಟ್ಟರಾಗಿ ಬಡೀತಿತ್ತು.
ನಡುಗೂ ನಮ್ಮ ನಡುವ ಅವ್ವ
ಕುಪ್ಪಸದೊಳಗಿಂದ ಕುಂಕುಮದ ಡಬ್ಬಿ ತಗದ್ಲು.
ಕುಂಕುಮ ಅಲ್ಲ. ಮೇಣದಾಗ ಅದ್ದಿದ ಕಡ್ಡಿ, ಒಂಬತ್ತು.
ಯಾವಾಗ ಅದ್ದಿದ್ಲು, ಯಾರಿಗೂ ಗೊತ್ತಿಲ್ಲ.
ಬರ್ತೀನಿ ಅಂತ ಒಂದು ಸಲಾನೂ ಒಪ್ಪಿದಾಕಿ ಅಲ್ಲ.

ಮೂರನೇ ಕಡ್ಡಿಗೆ ಸ್ಟೋವ್ ಹತ್ತಿತು.
ಹಾಲಿಲ್ಲದ ಚಾ, ಬೆಲ್ಲ, ಜಜ್ಜಿದ ಶುಂಠಿ, ಒಂದೇ ಲೋಟ.
ತನ್ನ ಪಾಳಿ ಬಂದಾಗ ಅಪ್ಪ
ತಗಡಿಗೆ ಕಿವಿ ಹಚ್ಚಿ, ಯಾರಿಗೂ ಅಲ್ಲ ಅನ್ನೂ ಹಂಗ:
"ಒಂದು ಬೆಸುಗೆನೂ ಸೋರಲಿಲ್ಲ ನೋಡು."
ಅವ್ವ ನಕ್ಕದ್ದು ಕತ್ತಲ್ಯಾಗ ಕಾಣಲಿಲ್ಲ;
ನನ್ನ ಭುಜಕ್ಕ ಹತ್ತಿದ್ದ ಆಕಿ ಭುಜ ಅಲ್ಲಾಡಿತು.

ಮಜಾ ಇತ್ತೇನು, ಕೇಳ್ತಾಳ ಈಗ ನನ್ನ ಮಗಳು.
ಇರಲಿಲ್ಲ. ಥಂಡಿ ಇತ್ತು.
ಹಾಸಿಗಿ ಹಸಿ, ರೊಟ್ಟಿ ಹಸಿ, ಲಂಗದಾಗ ಉಸುಕು.
ಮತ್ತ ಮತ್ತ ಯಾಕ ಹೋದ್ರಿ ಅಂದರ
ಬಾಯಿಗೆ ಶುಂಠಿ ಖಾರ ಬಂದು ಸುಮ್ಮನಾಗ್ತೀನಿ.

ದೋಣಿ ದುರಗಪ್ಪನ ಹಿತ್ತಲದಾಗ ಐತಿ,
ಹೊಟ್ಟು ನೆನಸಿ ಹಾಕ್ತಾರ. ಎರಡು ಎತ್ತು, ಒಂದು ಕರಾ.

ಮೊನ್ನೆ ಶಿವರಾತ್ರಿ ಮರುದಿನ ಹುಬ್ಬಳ್ಳಿಗೆ ಹೋದರ
ಅಡಗಿಮನಿ ಕಟ್ಟಿಮ್ಯಾಲೆ, ಗ್ಯಾಸ್ ಲೈಟರಿನ ಬಾಜೂಕ,
ಹಳೇ ಪೇಪರಿನ ಮ್ಯಾಲೆ ಕಡ್ಡಿ ಒಣಗಹಾಕಿದ್ಲು ಅವ್ವ,
ತಲಿಯೆಲ್ಲ ಬೆಳ್ಳಗ.
ಯಾಕ ಅಂತ ಕೇಳಲಿಲ್ಲ ನಾನು.
ಹೊರಗ ಅಪ್ಪ ಮೌನೇಶಗ ಫೋನಿನ್ಯಾಗ ಹೇಳ್ತಿದ್ದ,
ಇಲ್ಲೇನೂ ಮೋಡ ಇಲ್ಲ ನೋಡು, ಇನ್ನೂ ಇಲ್ಲ.